ಅಮೆರಿಕದ ಅಧ್ಯಕ್ಷ ಚುನಾವಣೆ: ಒಟ್ಟು ಜನಮತವನ್ನು ಎಣಿಸುವವರು ಯಾರು?

ಅಮೆರಿಕದ ಅಧ್ಯಕ್ಷರನ್ನು ದೇಶದ ಒಟ್ಟು ಮತದ ಆಧಾರದ ಮೇಲೆ ಆರಿಸಬೇಕೆ ಎಂಬ ಚರ್ಚೆ ಸಾಮಾನ್ಯವಾಗಿ 2000 ಮತ್ತು 2016ರ ಚುನಾವಣೆಗಳಿಂದ ಶುರುವಾಗುತ್ತದೆ. ಮೊದಲನೆಯದರಲ್ಲಿ ಅಲ್ ಗೋರ್ ಸುಮಾರು 5 ಲಕ್ಷ 40 ಸಾವಿರ ಮತಗಳಿಂದ ಮುಂದಿದ್ದೂ ಸೋತರು. ಎರಡನೆಯದರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ 28 ಲಕ್ಷಕ್ಕೂ ಮಿಕ್ಕಿದ ಮುನ್ನಡೆ ಇತ್ತು, ಗೆದ್ದದ್ದು ಡೊನಾಲ್ಡ್ ಟ್ರಂಪ್. ಈ ಎರಡರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಈ ಟಿಪ್ಪಣಿಗೆ ಹೆಚ್ಚು ಉಪಯೋಗಕ್ಕೆ ಬರುವುದು 1960ರ ಚುನಾವಣೆ. ಅದರಲ್ಲಿ ಜಾನ್ ಕೆನಡಿ ಎಲೆಕ್ಟೋರಲ್ ಕಾಲೇಜಿನಲ್ಲೂ (ಅಂದರೆ ಅಧ್ಯಕ್ಷರನ್ನು ಆರಿಸುವ, ರಾಜ್ಯವಾರು ಎಲೆಕ್ಟರುಗಳ ಮತದಲ್ಲೂ) ಗೆದ್ದರು, ಜನಮತದಲ್ಲೂ ಗೆದ್ದರು ಎಂಬುದು ರೂಢಿಯ ಮಾತು. ಮೊದಲನೆಯದರಲ್ಲಿ ಅನುಮಾನವಿಲ್ಲ: ಕೆನಡಿಗೆ 303, ರಿಚರ್ಡ್ ನಿಕ್ಸನ್‌ಗೆ 219. ಎರಡನೆಯದು ಅಲಬಾಮ ರಾಜ್ಯದ ಲೆಕ್ಕವನ್ನು ಹೇಗೆ ಹಿಡಿಯುತ್ತೇವೆ ಎಂಬುದರ ಮೇಲೆ ನಿಂತಿದೆ.

ಅಲಬಾಮಕ್ಕೆ ಆಗ 11 ಎಲೆಕ್ಟರುಗಳು. ಅಲ್ಲಿಯ ಮತದಾರರು ಎಲೆಕ್ಟರುಗಳಿಗೆ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ, ಒಟ್ಟು ಹನ್ನೊಂದು ಮತ ಹಾಕಬಹುದಿತ್ತು. ಪ್ರಾಥಮಿಕ ಚುನಾವಣೆಯಲ್ಲಿ ಆಯ್ಕೆಯಾಗಿ ಬಂದ ಡೆಮಾಕ್ರಟಿಕ್ ಪಟ್ಟಿಯಲ್ಲಿ 5 ಮಂದಿ ಕೆನಡಿಗೆ ನಿಷ್ಠರು, ಉಳಿದ 6 ಮಂದಿ ಯಾರಿಗೂ ಮಾತು ಕೊಡದವರು. ಕರಿಯರ ನಾಗರಿಕ ಹಕ್ಕುಗಳ ವಿಷಯದಲ್ಲಿ ಪಕ್ಷದ ನಿಲುವನ್ನು ಸಹಿಸದ ದಕ್ಷಿಣದ ಬಣ ಅದು. ಡಿಸೆಂಬರಿನಲ್ಲಿ ಆ ಆರೂ ಮತಗಳು ವರ್ಜೀನಿಯಾದ ಸೆನೆಟರ್ ಹ್ಯಾರಿ ಬರ್ಡ್ ಅವರಿಗೆ ಬಿದ್ದವು.

ಹಾಗಾದರೆ ಅಲಬಾಮದಲ್ಲಿ ಕೆನಡಿಗೆ ಸಿಕ್ಕ ಜನಮತ ಎಷ್ಟು? ಕೆನಡಿ ಪರ ಎಲೆಕ್ಟರುಗಳಲ್ಲಿ ಅತಿ ಹೆಚ್ಚು ಮತ ಪಡೆದವರ ಸಂಖ್ಯೆಯನ್ನು, ಅಂದರೆ 3,18,303ನ್ನು, ಪೂರ್ತಿ ಕೆನಡಿಯ ಖಾತೆಗೆ ಬರೆಯುವುದು ವಾಡಿಕೆ. ಆಗ ದೇಶದಲ್ಲಿ ಅವರ ಮುನ್ನಡೆ 1,12,827. ಆದರೆ ಅದೇ ಮತದಾರರಲ್ಲಿ ಬಹುಪಾಲು ಜನ ಬರ್ಡ್ ಕಡೆಯ ಆರು ಹೆಸರುಗಳಿಗೂ ಮತ ಹಾಕಿದ್ದಾರೆ. ಆದ್ದರಿಂದ ಪಟ್ಟಿಯ ಗರಿಷ್ಠ ಮತವಾದ 3,24,050ನ್ನು ಹನ್ನೊಂದು ಪಾಲು ಮಾಡಿ, ಐದು ಪಾಲನ್ನು ಮಾತ್ರ ಕೆನಡಿಗೆ ಕೊಟ್ಟರೆ ಬರುವುದು 1,47,295. ವ್ಯತ್ಯಾಸ 1,71,008. ಅಷ್ಟನ್ನು ಕಳೆದರೆ ಕೆನಡಿಯ ಮುನ್ನಡೆ ಕರಗಿ, ನಿಕ್ಸನ್ 58,181 ಮತಗಳಿಂದ ಮುಂದೆ ನಿಲ್ಲುತ್ತಾರೆ. ಎರಡೂ ಲೆಕ್ಕ ಕಾಗದದ ಮೇಲೆ ಸರಿಯೇ. ನನಗೆ ಎರಡನೆಯದು ಹೆಚ್ಚು ನ್ಯಾಯವೆನಿಸುತ್ತದೆ, ಏಕೆಂದರೆ ಮೊದಲನೆಯದರಲ್ಲಿ ಬರ್ಡ್ ಬಣದ ಬೆಂಬಲಿಗರೂ ಕೆನಡಿ ಬೆಂಬಲಿಗರಾಗಿಬಿಡುತ್ತಾರೆ. ಆದರೆ ಇದು ಓದುಗರೂ ಸಂಶೋಧಕರೂ ತಮ್ಮತಮ್ಮಲ್ಲಿ ತೀರ್ಮಾನಿಸಿಕೊಳ್ಳಬೇಕಾದ ಸಂಗತಿಯಾಗಿ ಉಳಿದಿದೆ. ತೀರ್ಪು ಕೊಡುವ ಅಧಿಕಾರ ಯಾರಿಗೂ ಇರಲಿಲ್ಲ, ಈಗಲೂ ಇಲ್ಲ.

ಗಮನಿಸಬೇಕಾದದ್ದು ಇಲ್ಲಿಯೇ. ಅಮೆರಿಕದಲ್ಲಿ ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಮತದಾನ ನಡೆಸಿ ಫಲಿತಾಂಶ ಸಾರುವ ಸಂಸ್ಥೆ ಇಲ್ಲ. ಒಂದೊಂದು ರಾಜ್ಯವೂ ತನ್ನ ಕಾನೂನಿನಂತೆ ಎಣಿಸಿ, ತನ್ನ ಎಲೆಕ್ಟರುಗಳು ಯಾರೆಂದು ಪ್ರಮಾಣಪತ್ರ ಬರೆದು ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸುತ್ತದೆ. ಜನವರಿ 6ರಂದು ಕಾಂಗ್ರೆಸ್ ಎಣಿಸುವುದು 538 ಎಲೆಕ್ಟರುಗಳ ಮತವನ್ನು ಮಾತ್ರ. ಪತ್ರಿಕೆಗಳಲ್ಲಿ ನಾವು ಓದುವ ‘ರಾಷ್ಟ್ರೀಯ ಜನಮತ’ ರಾಜ್ಯಗಳ ಅಂಕಿಗಳನ್ನು ಯಾರೋ ಕೂಡಿಸಿ ತೆಗೆದ ಮೊತ್ತ. ಅದಕ್ಕೆ ಕಾನೂನಿನ ಬಲವಿಲ್ಲ.

ಎಲೆಕ್ಟೋರಲ್ ಕಾಲೇಜ್ ಸಣ್ಣ ರಾಜ್ಯಗಳ ರಕ್ಷಣೆಗೆಂದೇ ಹುಟ್ಟಿತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 1787ರ ಫಿಲಡೆಲ್ಫಿಯಾ ಸಭೆಯಲ್ಲಿ ಜೇಮ್ಸ್ ವಿಲ್ಸನ್ ನೇರ ಚುನಾವಣೆಯನ್ನೇ ಸೂಚಿಸಿದ್ದರು. ಜುಲೈ 19ರಂದು ಜೇಮ್ಸ್ ಮ್ಯಾಡಿಸನ್ ಅದು ತತ್ತ್ವತಃ ಯೋಗ್ಯವೆಂದು ಒಪ್ಪಿಕೊಂಡೇ ಒಂದು ತೊಡಕನ್ನು ಎತ್ತಿದರು: ಮತದ ಹಕ್ಕು ಉತ್ತರದಲ್ಲಿ ಹೆಚ್ಚು ಜನರಿಗಿದೆ, ದಕ್ಷಿಣದ ಗುಲಾಮರಿಗೆ ಮತವಿಲ್ಲ, ನೇರ ಚುನಾವಣೆಯಾದರೆ ದಕ್ಷಿಣಕ್ಕೆ ಅವರ ಲೆಕ್ಕದಿಂದ ಏನೂ ದಕ್ಕದು. ಎಲೆಕ್ಟರ್ ಪದ್ಧತಿಯಲ್ಲಿ ಆ ಕಷ್ಟವಿರಲಿಲ್ಲ. ಗುಲಾಮರ ಸಂಖ್ಯೆಯ ಐದನೇ ಮೂರು ಭಾಗವನ್ನು ಜನಸಂಖ್ಯೆಗೆ ಸೇರಿಸಿ ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚಿದ್ದರು, ಅದೇ ಲಾಭ ಎಲೆಕ್ಟರುಗಳ ಸಂಖ್ಯೆಗೂ ಬಂತು. ದೂರದ ಊರುಗಳ ಜನರಿಗೆ ಅಭ್ಯರ್ಥಿಗಳ ಪರಿಚಯವಿರದು ಎಂಬಂಥ ಬೇರೆ ಕಾರಣಗಳೂ ಇದ್ದವು, ಆದರೆ ಮ್ಯಾಡಿಸನ್ ಮಾತನ್ನು ಪಕ್ಕಕ್ಕಿಟ್ಟು ಈ ಇತಿಹಾಸ ಬರೆಯಲಾಗದು.

ಇವತ್ತಿನ ಸ್ಥಿತಿಯಲ್ಲಿ ಸಣ್ಣ ರಾಜ್ಯಕ್ಕೆ ಸಿಗುವ ಹೆಚ್ಚಳ ಕಡಿಮೆಯದೇನಲ್ಲ. 2020ರ ಜನಗಣತಿಯಂತೆ ವಯೋಮಿಂಗ್‌ನಲ್ಲಿ ಸುಮಾರು 1 ಲಕ್ಷ 92 ಸಾವಿರ ಜನರಿಗೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ ಸುಮಾರು 7 ಲಕ್ಷ 32 ಸಾವಿರಕ್ಕೆ ಒಬ್ಬ. ಹಾಗೆಂದು ವಯೋಮಿಂಗ್‌ಗೆ ಪ್ರಚಾರಕ್ಕೆ ಯಾರೂ ಹೋಗುವುದಿಲ್ಲ, ಅಲ್ಲಿಯ ಫಲಿತಾಂಶ ಎಲ್ಲರಿಗೂ ಮೊದಲೇ ಗೊತ್ತು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದೆಲ್ಲ ರಾಜ್ಯಗಳಲ್ಲಿ ಒಂದು ಮತ ಹೆಚ್ಚು ಪಡೆದವರಿಗೆ ರಾಜ್ಯದ ಎಲ್ಲ ಎಲೆಕ್ಟರುಗಳೂ ಸೇರುವುದರಿಂದ ಹಣ, ಸಭೆ, ಜಾಹೀರಾತು ಎಲ್ಲವೂ ಏಳೆಂಟು ರಾಜ್ಯಗಳಿಗೆ ಹರಿಯುತ್ತವೆ. 2020ರಲ್ಲಿ ಜೋ ಬೈಡನ್ ದೇಶದಲ್ಲಿ 70 ಲಕ್ಷ ಮತಗಳಿಂದ ಮುಂದಿದ್ದರು. ಅದೇ ವೇಳೆ ಅರಿಜೋನ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರರಲ್ಲೂ ಸೇರಿ ಅವರ ಅಂತರ 42,918 ಮಾತ್ರ. ಈ ಮೂರು ಕೈತಪ್ಪಿದ್ದರೆ ಇಬ್ಬರಿಗೂ 269 ಆಗಿ, ಆಯ್ಕೆ ಪ್ರತಿನಿಧಿ ಸಭೆಗೆ ಹೋಗುತ್ತಿತ್ತು.

ಭಾರತದ ರಾಷ್ಟ್ರಪತಿಯೂ ನೇರವಾಗಿ ಆಯ್ಕೆಯಾಗುವುದಿಲ್ಲವಲ್ಲ ಎಂದು ಓದುಗರು ಕೇಳಬಹುದು. ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ವಯಸ್ಕ ಮತದಾನವನ್ನೇ ಬೇಡಿದ್ದರು. ನಿಜವಾದ ಅಧಿಕಾರವಿಲ್ಲದ ಹುದ್ದೆಗೆ ಇಡೀ ದೇಶದ ಮತ ಕೇಳುವುದು ಸರಿಹೊಂದದು ಎಂಬುದು ನೆಹರೂ ಉತ್ತರ. ಇಡೀ ಸರ್ಕಾರವನ್ನೇ ಕೈಯಲ್ಲಿ ಹಿಡಿಯುವ ಅಮೆರಿಕದ ಅಧ್ಯಕ್ಷರಿಗೆ ಈ ಉತ್ತರ ಅನ್ವಯಿಸುವುದಿಲ್ಲ. ಮತ್ತೊಂದು ಭೇದವೂ ಇದೆ: ನಮ್ಮಲ್ಲಿ ಶಾಸಕರ ಮತದ ಮೌಲ್ಯವನ್ನು 1971ರ ಜನಸಂಖ್ಯೆಗೆ ತಾಳೆ ಹಾಕಿದ್ದಾರೆ. ಕರ್ನಾಟಕದ ಶಾಸಕರಿಗೆ 131, ಸಿಕ್ಕಿಂ ಶಾಸಕರಿಗೆ 7. ಸಣ್ಣ ರಾಜ್ಯಕ್ಕೆ ಅಲ್ಲಿ ಸಿಗುವಂಥ ಹೆಚ್ಚುವರಿ ತೂಕ ಇಲ್ಲಿಲ್ಲ.

ಜನಮತವೇ ನಿರ್ಣಾಯಕವಾಗಬೇಕು ಎಂಬವರ ಈಗಿನ ಆಸರೆ ಒಂದು ಅಂತರರಾಜ್ಯ ಒಪ್ಪಂದ. ಸಹಿ ಹಾಕಿದ ರಾಜ್ಯಗಳು ತಮ್ಮ ಎಲೆಕ್ಟರುಗಳನ್ನೆಲ್ಲ ದೇಶದಲ್ಲಿ ಹೆಚ್ಚು ಮತ ಪಡೆದವರಿಗೆ ಕೊಡಬೇಕು. ಸಹಿ ಮಾಡಿದವರ ಬಲ 270 ಮುಟ್ಟಿದ ಮೇಲಷ್ಟೇ ಇದು ಜಾರಿ. 2007ರಲ್ಲಿ ಮೇರಿಲ್ಯಾಂಡ್ ಮೊದಲು ಸೇರಿತು. 2024ರಲ್ಲಿ ಮೇನ್ ಸೇರಿದಾಗ ಒಟ್ಟು 209. ಜಾಣ ಉಪಾಯ, ಸಂವಿಧಾನದ ತಿದ್ದುಪಡಿಯ ಗೋಜಿಲ್ಲ. ಆದರೆ ಅಲಬಾಮದ ಪ್ರಶ್ನೆಗೆ ಇದರಲ್ಲಿ ಗಟ್ಟಿ ಉತ್ತರವಿಲ್ಲ. ಪ್ರತಿ ಸದಸ್ಯ ರಾಜ್ಯದ ಮುಖ್ಯ ಚುನಾವಣಾ ಅಧಿಕಾರಿ ಇತರ ರಾಜ್ಯಗಳು ಸಾರಿದ ಅಂಕಿಗಳನ್ನು ತಂದು ಕೂಡಿಸಬೇಕು. ಮೇನ್ ರಾಜ್ಯದಲ್ಲಿ 2020ರಿಂದ ಅಧ್ಯಕ್ಷ ಸ್ಥಾನಕ್ಕೂ ನಮ್ಮ ವಿಧಾನ ಪರಿಷತ್ ಚುನಾವಣೆಯ ರೀತಿಯಲ್ಲಿ ಪ್ರಾಶಸ್ತ್ಯ ಮತವಿದೆ. ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಮೊದಲ ಸುತ್ತಿನ ಎಣಿಕೆಯೋ, ಕೊನೆಯದೋ? ಒಪ್ಪಂದಕ್ಕೆ ಸೇರದ ರಾಜ್ಯ ಅಂಕಿ ಕೊಡಲು ತಡಮಾಡಿದರೆ? ಇದು ಊಹೆಯ ಮಾತಲ್ಲ. ಎಲೆಕ್ಟರುಗಳು ಮತ ಹಾಕುವ ತನಕ ಮತಗಳ ಸಂಖ್ಯೆಯನ್ನು ಹೊರಬಿಡಬಾರದೆಂಬ ಮಸೂದೆಯನ್ನು ಉತ್ತರ ಡಕೋಟದ ಸೆನೆಟ್ 2021ರಲ್ಲಿ ಅಂಗೀಕರಿಸಿತ್ತು, ಮುಂದೆ ಅದು ಹಾಗೆಯೇ ಕಾನೂನಾಗಲಿಲ್ಲ ಅಷ್ಟೆ.

ಇಡೀ ದೇಶದಲ್ಲಿ ಮರುಎಣಿಕೆ ಮಾಡಬೇಕಾದೀತು ಎಂಬ ಭಯವನ್ನು ಮಾತ್ರ ಅತಿಯಾಗಿ ಹಿಗ್ಗಿಸಿದ್ದಾರೆ. ಹದಿನೈದು ಕೋಟಿ ಮತಗಳಲ್ಲಿ ಕೂದಲೆಳೆಯ ಅಂತರ ಬರುವುದು ಅಪರೂಪ, ಒಂದು ರಾಜ್ಯದಲ್ಲಿ ಅದು ಸುಲಭ. 2000ದ ಫ್ಲಾರಿಡಾದಲ್ಲಿ ದೇಶದ ಹಣೆಬರಹ ನಿಂತದ್ದು 537 ಮತಗಳ ಮೇಲೆ. ಆದರೂ 1960ರಂಥ ವರ್ಷ ಬಾರದೆ ಇರುವುದಿಲ್ಲ, ಆಗ ಒಬ್ಬರು 20 ಶೇಕಡಾ ಅಂತರದಿಂದ ಗೆದ್ದ ರಾಜ್ಯದಲ್ಲಿ ಮರುಎಣಿಕೆಗೆ ಆದೇಶಿಸುವ ಕಾನೂನು ಈಗ ಇಲ್ಲ.

ಈ ಕೊರತೆಯನ್ನು ಮೊದಲೇ ಕಂಡಿದ್ದವರು ಇಂಡಿಯಾನಾದ ಸೆನೆಟರ್ ಬರ್ಚ್ ಬೇ. ಅವರು ಮುಂದಿಟ್ಟ ತಿದ್ದುಪಡಿಯಲ್ಲಿ ನೇರ ಚುನಾವಣೆ, ಯಾರಿಗೂ 40 ಶೇಕಡಾ ಬಾರದಿದ್ದರೆ ಎರಡನೇ ಸುತ್ತು, ಇದರ ಜೊತೆಗೆ ಫಲಿತಾಂಶವನ್ನು ಖಚಿತಪಡಿಸಿ ಸಾರುವ ವಿಧಾನವನ್ನು ಕಾಂಗ್ರೆಸ್ ಕಾನೂನಿನಿಂದ ಗೊತ್ತುಪಡಿಸಬೇಕೆಂಬ ವಿಧಿಯೂ ಇತ್ತು. 1969ರ ಸೆಪ್ಟೆಂಬರಿನಲ್ಲಿ ಪ್ರತಿನಿಧಿ ಸಭೆ 339–70ರಿಂದ ನೇರ ಚುನಾವಣೆಯ ತಿದ್ದುಪಡಿಯನ್ನು ಒಪ್ಪಿತು. ಮರುವರ್ಷ ಸೆನೆಟ್‌ನಲ್ಲಿ ಸ್ಟ್ರಾಮ್ ಥರ್ಮಂಡ್, ಸ್ಯಾಮ್ ಅರ್ವಿನ್ ಮೊದಲಾದ ದಕ್ಷಿಣದವರು ಮಾತಿನ ಮೇಲೆ ಮಾತಾಡಿ ಅದನ್ನು ತಡೆದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ವಿರೋಧಿಗಳ ಸಾಲಿಗೆ ನ್ಯಾಷನಲ್ ಅರ್ಬನ್ ಲೀಗ್‌ನ ವರ್ನನ್ ಜೋರ್ಡನ್ ಕೂಡ ಬಂದರು. ದೊಡ್ಡ ರಾಜ್ಯಗಳ ನಗರಗಳಲ್ಲಿ ಫಲಿತಾಂಶ ತಿರುಗಿಸಬಲ್ಲ ಕರಿಯ ಮತದಾರರ ಬಲ ಕುಗ್ಗೀತು ಎಂಬುದು ಅವರ ಆತಂಕ.

ಅಧ್ಯಕ್ಷರು ಜನಮತದಿಂದಲೇ ಆಯ್ಕೆಯಾಗಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಸರಿಯಾದ ದಾರಿ ಒಪ್ಪಂದದ್ದಲ್ಲ, ಬೇ ಅವರದ್ದು. ಅವರ ಪ್ರಸ್ತಾಪ ಸೆನೆಟ್‌ನಲ್ಲಿ ಮತಕ್ಕೆ ಬಂದದ್ದು 1979ರ ಜುಲೈ 10ರಂದು. ಪರವಾಗಿ 51, ವಿರುದ್ಧ 48, ಬೇಕಿದ್ದದ್ದು 66.