ಬೆಣ್ಣೆ ಸವರೋ ಕೈ, ಮುದ್ದೆ ಮುರಿಯೋ ಕೈ

ನಾನು ಆ ಸಣ್ಣ ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ನನ್ನ ಕೋಣೆಯ ಬಾಗಿಲ ಮೇಲೆ ‘ಔದ್ಯೋಗಿಕ ಚಿಕಿತ್ಸಾ ವಿಭಾಗ’ ಅಂತ ಬೋರ್ಡು ಬರೆಸಿದ್ದರು. ವಿಭಾಗ ಅಂದರೆ ನಾನೊಬ್ಬಳು, ಒಂದು ಮೇಜು, ಒಂದು ಮಂಚ, ಎರಡು ಪ್ಲಾಸ್ಟಿಕ್ ಕುರ್ಚಿ, ಅಷ್ಟೇ. ಮೊದಲ ವಾರ ತಾವಾಗಿ ಹುಡುಕಿಕೊಂಡು ಬಂದವರು ಮೂರೇ ಜನ. ಮೂವರ ಕೈಯಲ್ಲೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಇತ್ತು! ಇಲ್ಲಿ ಉದ್ಯೋಗ ಕೊಡ್ತಾರಂತೆ ಅಂತ ಯಾರೋ ಹೇಳಿ ಕಳಿಸಿದ್ದರು. ನನ್ನ ಕೆಲಸವೇ ಕಾಂಟ್ರ್ಯಾಕ್ಟು, ನಾನೇನು ಕೊಡಲಿ :-)

ತಪ್ಪು ಅವರದ್ದಲ್ಲ, ಹೆಸರಿನದ್ದು. ಆಕ್ಯುಪೇಷನಲ್ ಥೆರಪಿಯಲ್ಲಿ ಆಕ್ಯುಪೇಷನ್ ಅಂದರೆ ನೌಕರಿಯಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವುದರಿಂದ ರಾತ್ರಿ ಹಾಸಿಗೆ ಹಾಸುವವರೆಗೆ ಮನುಷ್ಯ ತನ್ನ ಕೈಯಾರೆ ಮಾಡಿಕೊಳ್ಳುವ ಎಲ್ಲವೂ ಅದರಲ್ಲಿ ಬರುತ್ತದೆ. ಲಕ್ವ ಹೊಡೆದವರು, ಬೆನ್ನುಮೂಳೆ ಮುರಿದವರು, ಬೆರಳು ಕಳಕೊಂಡವರು ಮತ್ತೆ ಅದನ್ನೆಲ್ಲ ಮಾಡಿಕೊಳ್ಳುವ ಹಾಗೆ ಮಾಡುವುದು ನಮ್ಮ ಕೆಲಸ. ಕಾಲೇಜಿನಲ್ಲಿ ಇದರ ಚರಿತ್ರೆಯನ್ನು ಪರೀಕ್ಷೆಗೆ ಬೇಕಾದಷ್ಟು ಉರು ಹೊಡೆದು ಮರೆತಿದ್ದೆ. ಮತ್ತೆ ಓದಬೇಕಾಗಿ ಬಂದಿದ್ದು ಒಬ್ಬ ಅಜ್ಜಿಯಿಂದ. ಅವರ ವಿಷಯ ಆಮೇಲೆ ಹೇಳ್ತೀನಿ.

ಓದುವಾಗ ಖುಷಿ ಕೊಟ್ಟ ಮೊದಲ ಸಂಗತಿ ಅಂದರೆ ಈ ಕಸುಬಿನ ಸಂಘ ಹುಟ್ಟಿದ್ದೂ ಒಂದು ಸಣ್ಣ ಊರಲ್ಲೇ. ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್. ಅಲ್ಲೊಂದು ಸ್ಯಾನಿಟೋರಿಯಂ ಇತ್ತು. ಜಾರ್ಜ್ ಬಾರ್ಟನ್ ಎಂಬ ಆರ್ಕಿಟೆಕ್ಟ್ ಅಲ್ಲಿಗೆ ರೋಗಿಯಾಗಿ ಬಂದಿದ್ದ. ಮೊದಲೇ ಕ್ಷಯ, ಜೊತೆಗೆ ಎಡಗಾಲಿಗೆ ಗ್ಯಾಂಗ್ರೀನ್ ಆಗಿ ಶಸ್ತ್ರಚಿಕಿತ್ಸೆ, ಅದರ ಬೆನ್ನಿಗೇ ಎಡಭಾಗ ಸ್ವಾಧೀನ ತಪ್ಪಿತು. ಹಾಸಿಗೆ ಹಿಡಿದು ಕೂರುವ ಬದಲು 1914ರಲ್ಲಿ ಅದೇ ಊರಲ್ಲಿ ಮನೆ ಮಾಡಿ, ಅದಕ್ಕೆ ‘ಕನ್ಸೊಲೇಷನ್ ಹೌಸ್’ ಅಂತ ಹೆಸರಿಟ್ಟು, ಮರಗೆಲಸ, ತೋಟದ ಕೆಲಸ ಮಾಡುತ್ತಲೇ ಚೇತರಿಸಿಕೊಂಡ. 1917ರ ಮಾರ್ಚ್‌ನಲ್ಲಿ ಆ ಮನೆಯಲ್ಲಿ ಬಾರ್ಟನ್ ಸೇರಿ ಆರು ಜನ ಕೂತು ಅಮೆರಿಕದ ಮೊದಲ ಆಕ್ಯುಪೇಷನಲ್ ಥೆರಪಿ ಸಂಘ ಕಟ್ಟಿದರು. ಒಬ್ಬ ಮನೋವೈದ್ಯ, ಇನ್ನೊಬ್ಬ ಆರ್ಕಿಟೆಕ್ಟ್, ಸಮಾಜ ಸೇವಕಿ, ಕರಕುಶಲ ಕಲಿಸುವ ಟೀಚರು, ಬಾರ್ಟನ್‌ನ ಕಾರ್ಯದರ್ಶಿ. ಡಾಕ್ಟರು ಒಬ್ಬರೇ, ಗಮನಿಸಿ!

ಅದೇ ಹೊತ್ತಿಗೆ ಯುದ್ಧ. 1918ರಲ್ಲಿ ಅಮೆರಿಕದ ಸೇನೆ ಗಾಯಾಳು ಸೈನಿಕರಿಗೆ ನೇಯ್ಗೆ, ಬುಟ್ಟಿ ಹೆಣಿಗೆ, ಮರಗೆಲಸ ಕಲಿಸಲು ಹೆಂಗಸರನ್ನು ನೇಮಿಸಿಕೊಂಡಿತು. ಕಸುಬು ಬೇರು ಬಿಟ್ಟಿದ್ದು ಹಾಗೆ.

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಹುಟ್ಟುಹೆಸರು ಎಲಿಝಬೆತ್ ಲಂಡಿ, ಅಮೆರಿಕದವರು. 1930ರಲ್ಲಿ ಭಾರತಕ್ಕೆ ಬಂದು ಇಲ್ಲಿಯವರನ್ನೇ ಮದುವೆಯಾಗಿ ಕಮಲಾ ಆದರು. ಆಮೇಲೆ ವಾಪಸು ಅಮೆರಿಕಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದು 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ತೆರೆದರು. ದೇಶದಲ್ಲಿ ಅದೇ ಮೊದಲನೆಯದು. 1952ರಲ್ಲಿ ವಿಶ್ವ ಒಕ್ಕೂಟ ಹುಟ್ಟಿದಾಗ ಸ್ಥಾಪಕ ದೇಶಗಳು ಹತ್ತು, ಅದರಲ್ಲಿ ಭಾರತವೂ ಒಂದು. ಶಾಲೆ ಶುರುವಾಗಿ ಎರಡೇ ವರ್ಷಕ್ಕೆ! ಇಂಥವರ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬೇಜಾರಾಗುತ್ತೆ.

ಆದರೆ ಹಳ್ಳಿ ಆಸ್ಪತ್ರೆಯವಳಾದ ನನಗೆ ಹೆಚ್ಚು ಹತ್ತಿರ ಅನ್ನಿಸಿದ್ದು ವೆಲ್ಲೂರಿನ ಕಥೆ. ಪಾಲ್ ಬ್ರ್ಯಾಂಡ್ ಆಕ್ಯುಪೇಷನಲ್ ಥೆರಪಿಸ್ಟ್ ಅಲ್ಲ, ಸರ್ಜನ್. ಹುಟ್ಟಿದ್ದು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ವೈದ್ಯಕೀಯ ಓದುವ ಮುಂಚೆ ಕಟ್ಟಡ ಕೆಲಸ, ಮರಗೆಲಸ ಕಲಿತಿದ್ದರು. ಕುಷ್ಠರೋಗದಿಂದ ಹಕ್ಕಿಯ ಉಗುರಿನ ಹಾಗೆ ಮಡಚಿಕೊಂಡ ಬೆರಳುಗಳನ್ನು ಸ್ನಾಯುರಜ್ಜು ಜೋಡಿಸಿ ಬಿಡಿಸುವ ಶಸ್ತ್ರಚಿಕಿತ್ಸೆಯನ್ನು 1940ರ ದಶಕದ ಕೊನೆಯಲ್ಲಿ ಶುರು ಮಾಡಿದರು. ಕೈ ನೆಟ್ಟಗಾಯಿತು. ಆದರೆ ಹಾಗೆ ಮನೆಗೆ ಹೋದವರು ಹೊಟ್ಟೆ ಒಣಗಿಸಿಕೊಂಡು ವಾಪಸು ಬಂದರು. ಕುಷ್ಠರೋಗಿ ಅಂತ ಯಾರೂ ಕೆಲಸ ಕೊಡಲಿಲ್ಲ, ಕೈ ಚೆನ್ನಾಗಿದೆ ಅಂತ ಭಿಕ್ಷೆಯೂ ಹುಟ್ಟಲಿಲ್ಲ!

ಹಾಗಾಗಿ ವೈದ್ಯಕೀಯ ಕಾಲೇಜಿನ ಆವರಣದಲ್ಲೇ ಗುಡಿಸಲುಗಳ ಒಂದು ಪುಟ್ಟ ಹಳ್ಳಿ ಕಟ್ಟಿದರು. ಮರದ ಆಟಿಕೆ ಮಾಡುವ ಕಾರ್ಯಾಗಾರವೂ ಬಂತು. ಅಲ್ಲಿ ಕೈಗಳನ್ನು ದಿನಾ ಪರೀಕ್ಷೆ ಮಾಡುವುದು, ಹೊಸ ಗಾಯ ಕಂಡರೆ ಅದು ಹೇಗಾಯಿತು ಅಂತ ಪತ್ತೆ ಹಚ್ಚುವುದು. ಸುತ್ತಿಗೆ ಹಿಡಿದು ಹಿಡಿದು ಆಯಿತೇ, ಬಿಸಿ ಪಾತ್ರೆಯಿಂದಲೇ? ನೋವು ಗೊತ್ತಾಗದ ಕೈ ಎಷ್ಟು ಬಿಗಿ ಹಿಡಿದೆ ಅಂತ ಹೇಳುವುದಿಲ್ಲವಲ್ಲ. ಬೆರಳು ತಾನಾಗಿ ಕೊಳೆತು ಉದುರುತ್ತದೆ ಅಂತ ಜನ ನಂಬಿದ್ದರು, ಡಾಕ್ಟರುಗಳೂ ನಂಬಿದ್ದರು. ಕೊಳೆಯುವುದಲ್ಲ, ಗೊತ್ತಾಗದ ಗಾಯಗಳಿಂದ ಸವೆಯುವುದು ಅಂತ ಹೀಗೆ ಒಂದೊಂದೇ ಗಾಯದ ಜಾಡು ಹಿಡಿದು ತೋರಿಸಿದರು. ಕೆಲವರಿಗೆ ರಾತ್ರಿ ಬೆಳಗಾಗುವುದರಲ್ಲಿ ಬೆರಳ ತುದಿಯೇ ಇರುತ್ತಿರಲಿಲ್ಲ. ಎಚ್ಚರವಿದ್ದು ಕಾದು ನೋಡಿದರೆ, ಇಲಿ ಬಂದು ಕಚ್ಚುತ್ತಿತ್ತು. ಮಲಗಿದವನಿಗೆ ಅರಿವೇ ಇಲ್ಲ. ಆಮೇಲೆ ಮನೆಗೆ ಕಳಿಸುವಾಗ ರೋಗಿಯ ಜೊತೆ ಒಂದು ಬೆಕ್ಕನ್ನೂ ಕಳಿಸತೊಡಗಿದರು. ಯಾವ ಔಷಧಿ ಪಟ್ಟಿಯಲ್ಲೂ ಇಲ್ಲದ ಬೆಕ್ಕು! ರೋಗಿ ಎಲ್ಲಿ ಮಲಗ್ತಾನೆ, ಯಾವುದನ್ನು ಹಿಡೀತಾನೆ ಅಂತ ನೋಡದೆ ಅದು ಹೊಳೆಯುವ ಹಾಗೇ ಇರಲಿಲ್ಲ.

ಇತ್ತ ಅಮೆರಿಕದಲ್ಲಿ ಬುಟ್ಟಿ, ಮಗ್ಗಗಳು ಮೂಲೆ ಸೇರುತ್ತಿದ್ದವು. ವೈದ್ಯರು ಲೆಕ್ಕ ಕೇಳುತ್ತಿದ್ದರು, ಎಷ್ಟು ಡಿಗ್ರಿ ಮಡಚುತ್ತದೆ, ಎಷ್ಟು ಅಂಕ ಏರಿತು ಅಂತ. ಕೈಕೆಲಸದ ಮೂಲವನ್ನೇ ಮರೀತಿದ್ದೀವಲ್ಲ ಅಂತ 1961ರಲ್ಲಿ ಮೇರಿ ರೈಲಿ ಒಂದು ಉಪನ್ಯಾಸದಲ್ಲಿ ತಮ್ಮವರನ್ನೇ ತರಾಟೆಗೆ ತೆಗೆದುಕೊಂಡರು. ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿರುವ ಬಾರ್ಥೆಲ್ ಸೂಚ್ಯಂಕ ಪ್ರಕಟವಾಗಿದ್ದು 1965ರಲ್ಲಿ. ಮೇರಿಲ್ಯಾಂಡ್ ರಾಜ್ಯದ ವೈದ್ಯೆ ಫ್ಲಾರೆನ್ಸ್ ಮಹೋನಿ ಮತ್ತು ಫಿಸಿಯೋಥೆರಪಿಸ್ಟ್ ಡೊರೊಥಿಯಾ ಬಾರ್ಥೆಲ್ ಮಾಡಿದ್ದು. ಹತ್ತು ಬಾಬ್ತು, ಒಟ್ಟು 100 ಅಂಕ. ಕೆಟ್ಟದ್ದೇನಲ್ಲ, ಐದು ನಿಮಿಷದಲ್ಲಿ ತುಂಬಬಹುದು, ಯಾರು ಓದಿದರೂ ಅರ್ಥವಾಗುತ್ತದೆ. ಆದರೆ ಹಾಳೆಯನ್ನು ನಮ್ಮ ಹಳ್ಳಿ ಮನೆಯೊಳಗೆ ಇಟ್ಟು ನೋಡಿ. ಮಂಚದಿಂದ ಕುರ್ಚಿಗೆ ಹೋಗಿ ಬಂದರೆ 15 ಅಂಕ. ಮಲಗುವುದು ಚಾಪೆ ಮೇಲೆ, ಕುರ್ಚಿ ಇರುವುದು ಬಂದವರಿಗೆ. ಮೆಟ್ಟಿಲು ಹತ್ತಿದರೆ 10 ಅಂಕ. ಮೆಟ್ಟಿಲೆಲ್ಲಿ? ಊಟದ ಸಾಲಿನಲ್ಲಿ, ಕತ್ತರಿಸಿ ತಿನ್ನಲು, ಬೆಣ್ಣೆ ಸವರಲು ಸಹಾಯ ಬೇಕೇ ಅಂತ ಇದೆ.

ಈಗ ಆ ಅಜ್ಜಿ. ಬಲಗೈಗೆ ಸ್ಟ್ರೋಕ್ ಹೊಡೆದಿತ್ತು. ನುಂಗಲು ತೊಂದರೆ ಇರಲಿಲ್ಲ, ಅದನ್ನು ನೋಡಿದ್ದೆ. ಕೈ ಸುಮಾರು ವಾಪಸು ಬಂದಿತ್ತು, ಹೆಬ್ಬೆರಳು ಮಾತ್ರ ಒತ್ತುತ್ತಿರಲಿಲ್ಲ. ದಪ್ಪ ಹಿಡಿಯ ಚಮಚ ಮಾಡಿಕೊಟ್ಟೆ. ಅನ್ನ ಸಾರು ತಾವೇ ತಿಂದರು. ಊಟಕ್ಕೆ 10ಕ್ಕೆ 10, ಒಟ್ಟು 90 ಅಂಕ ಹಾಕಿ ಜಂಬದಿಂದ ಮನೆಗೆ ಕಳಿಸಿದೆ. ತಿಂಗಳಿಗೆ ಸೊಸೆ ಕರಕೊಂಡು ಬಂದಾಗ ಅಜ್ಜಿ ಅರ್ಧ ಆಗಿದ್ದರು. ಊಟ ಬಿಟ್ಟಿದ್ದರು. ಕಾರಣ ಕೇಳಿದರೆ ಸೊಸೆಗೂ ಗೊತ್ತಿಲ್ಲ. ಅಜ್ಜಿ ಕೊನೆಗೆ ಹೇಳಿದ್ದು ಇಷ್ಟು: ಮುದ್ದೆ ಮುರಿಯಕ್ಕಾಗಲ್ಲ, ಎಡಗೈಲಿ ಉಣ್ಣಕ್ಕಾಗಲ್ಲ, ಮೊಮ್ಮಕ್ಕಳ ಮುಂದೆ ಚಮಚ ಹಿಡಿಯಕ್ಕೆ ನಾಚಿಕೆ.

ನಾನು ಅವರು ಏನು ಉಣ್ತಾರೆ ಅಂತ ಕೇಳಿಯೇ ಇರಲಿಲ್ಲ. ನಾನೂ ಮುದ್ದೆ ತಿಂದೇ ಬೆಳೆದವಳು!

ಮುಂದಿನ ವಾರಗಳಲ್ಲಿ ಮಂಚದ ಮೇಲಿನ ವ್ಯಾಯಾಮ ಕಡಿಮೆ ಮಾಡಿ ನೆಲದ ಮೇಲೆ ಕೂತೆವು. ಮೊದಲು ಜೇಡಿಮಣ್ಣು, ಆಮೇಲೆ ಕಲಸಿದ ಹಿಟ್ಟು, ಆಮೇಲೆ ಸೊಸೆ ಕಟ್ಟಿಕೊಂಡು ಬರುತ್ತಿದ್ದ ಮುದ್ದೆ. ಆರಿದ ಮುದ್ದೆ ಗಟ್ಟಿ, ಬಿಸಿಯಾದರೆ ಕೈ ಸುಡುತ್ತದೆ, ನಡುವಿನ ಹದ ಹಿಡಿಯಲು ನನಗೇ ನಾಲ್ಕು ದಿನ ಬೇಕಾಯಿತು. ಹೆಬ್ಬೆರಳ ಬದಲು ತೋರುಬೆರಳು ನಡುಬೆರಳ ಸಂದಿಯಲ್ಲಿ ಮುರಿಯುವ ಉಪಾಯ ಅಜ್ಜಿಯೇ ಕಂಡುಕೊಂಡರು. ನನ್ನ ಪುಸ್ತಕದಲ್ಲಿ ಅದಿಲ್ಲ.

ಮೂರು ತಿಂಗಳ ಮೇಲೆ ಬಂದಾಗ ಮೈ ತುಂಬಿಕೊಂಡಿದ್ದರು. ಮೊಮ್ಮಗ ಕವೆಗೋಲಿನಲ್ಲಿ ಪಾತ್ರೆ ಒತ್ತಿ ಹಿಡಿಯುತ್ತಾನಂತೆ, ಇವರು ಎರಡೂ ಕೈಯಲ್ಲಿ ಮುದ್ದೆ ಕೋಲು ತಿರುವುತ್ತಾರಂತೆ. ಗಂಟಾಗುತ್ತೆ ಅಂತ ಸೊಸೆಯ ದೂರು, ನಗುತ್ತಾ. ನಿಯಮದ ಪ್ರಕಾರ ಮತ್ತೆ ಹಾಳೆ ತುಂಬಿ ಕೂಡಿದೆ. 90.