ನೆರೆ ಬಂದ ವರ್ಷ ಸೇರಿದವರು

ಹಾಲಿನವಳ ಬಾಕಿಯನ್ನು ನಾವು ಕೊಡುವುದು ಮುಂದಿನ ತಿಂಗಳ ಐದನೆಯ ತಾರೀಕಿಗೆ. ಹಾಗೆಂದು ಮೂವತ್ತರಂದು ಪರ್ಸಿನಲ್ಲಿ ಇನ್ನೂರು ರೂಪಾಯಿ ಕಂಡರೆ ‘ಈ ತಿಂಗಳು ಇಷ್ಟು ಮಿಕ್ಕಿತು’ ಎಂದು ಯಾವ ಗೃಹಿಣಿಯೂ ಹಿಗ್ಗುವುದಿಲ್ಲ. ಅದು ಹಾಲಿನವಳ ದುಡ್ಡು ಎಂದು ಅವಳಿಗೆ ಗೊತ್ತು. ಬಿ.ಕಾಂ. ಓದದೆಯೇ ಗೊತ್ತು.

ನಾನು ಬಿ.ಕಾಂ. ಓದಿ, ಮಂಗಳೂರಿನ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಗೆ ಲೆಕ್ಕ ಬರೆಯಲು ಸೇರಿದವಳು. ಬೀಜ ಒಡೆಯುವ, ಸಿಪ್ಪೆ ತೆಗೆಯುವ, ತಿರುಳನ್ನು ಗಾತ್ರ ನೋಡಿ ವಿಂಗಡಿಸುವ ಮುನ್ನೂರಕ್ಕೂ ಮಿಕ್ಕಿದ ಹೆಂಗಸರು ಅಲ್ಲಿದ್ದರು. ಗೇರುಬೀಜದ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಕೈಗೆ ಬೂದಿ ಹಚ್ಚಿಕೊಂಡು ಒಡೆಯುತ್ತಿದ್ದರು. ಎಷ್ಟು ತೊಳೆದರೂ ಆ ಕಪ್ಪು ಹೋಗದು. ಬಸ್ಸಿನಲ್ಲಿ ಕೈ ನೋಡಿಯೇ ‘ಬೀಜದ ಫ್ಯಾಕ್ಟರಿಯವಳು’ ಎಂದು ಗುರುತಿಸಬಹುದಿತ್ತು.

ಇಂಥವರಿಗೆ ಗ್ರಾಚ್ಯುಟಿಯ ಹಕ್ಕು ಸಿಕ್ಕಿದ್ದು 1972ರ ಕಾಯಿದೆಯಿಂದ. ಐದು ವರ್ಷ ಎಡೆಬಿಡದೆ ದುಡಿದವರು ಕೆಲಸ ಬಿಡುವಾಗ ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ಇಡಿಗಂಟು ಕೊಡಬೇಕು. ಅಂದರೆ ಅವರು ದುಡಿದ ಒಂದೊಂದು ವರ್ಷಕ್ಕೂ ಕಂಪನಿಯ ಸಾಲ ಅಷ್ಟಷ್ಟು ಬೆಳೆಯುತ್ತಿರುತ್ತದೆ. ಆದರೆ ಆ ಸಾಲ ನಮ್ಮ ಅಢಾವೆ ಪತ್ರಿಕೆಯಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ. ಯಾರಾದರೂ ಬಿಟ್ಟುಹೋದ ವರ್ಷ, ಕೊಟ್ಟಷ್ಟನ್ನು ಖರ್ಚಿಗೆ ಬರೆದರೆ ಮುಗಿಯಿತು. ಉಳಿದ ವರ್ಷಗಳಲ್ಲಿ ಹಾಲಿನವಳ ದುಡ್ಡೆಲ್ಲ ಲಾಭ!

ನಮ್ಮದೊಂದೇ ಕಂಪನಿ ಹೀಗಿದ್ದದ್ದಲ್ಲ. 1975ರ ಹಣಕಾಸು ಕಾಯಿದೆಯ ಪ್ರಕಾರ, ಗ್ರಾಚ್ಯುಟಿಗೆಂದು ಪುಸ್ತಕದಲ್ಲಿ ಬರೆದಿಟ್ಟ ಮಾತ್ರಕ್ಕೆ ತೆರಿಗೆಯಲ್ಲಿ ರಿಯಾಯಿತಿ ಇಲ್ಲ. ಮಾನ್ಯತೆ ಪಡೆದ ನಿಧಿಗೆ ಹಣ ಕಟ್ಟಬೇಕು. ತೆರಿಗೆ ಉಳಿಯದ ಮೇಲೆ ಬರೆಯುವುದಾದರೂ ಯಾಕೆ? 1988ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿ ತಂದು, ದುಡ್ಡು ಕೊಟ್ಟಾಗಲ್ಲ, ಬಾಕಿಯಾದಾಗಲೇ ಖರ್ಚು ಬರೆಯಬೇಕೆಂದರು. ಆಗಲೂ ಗ್ರಾಚ್ಯುಟಿಯೊಂದು ಅನೇಕ ಕಡೆ ಹಳೆಯ ಹಾದಿಯಲ್ಲೇ ನಡೆಯಿತು. ಲೆಕ್ಕಪತ್ರದ ಕೊನೆಗೆ, ‘ಪಾವತಿಸಿದಾಗ ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದು’ ಎಂದು ಸಣ್ಣ ಅಕ್ಷರದಲ್ಲೊಂದು ಟಿಪ್ಪಣಿ ಹಾಕಿದರೆ ಆಯಿತು.

ಇದಕ್ಕೆ ಕೈಹಾಕಿದ್ದು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ. 1949ರಲ್ಲಿ ಹುಟ್ಟಿದ ಈ ಸಂಸ್ಥೆ 1977ರಲ್ಲಿ ಲೆಕ್ಕಪತ್ರದ ಮಾನದಂಡಗಳಿಗೆಂದೇ ಒಂದು ಮಂಡಳಿ ಮಾಡಿತು. ಆ ಮಾನದಂಡಗಳಲ್ಲಿ ಹದಿನೈದನೆಯದು, ನಿವೃತ್ತಿ ಸೌಲಭ್ಯಗಳದು, 1995ರ ಜನವರಿಯಲ್ಲಿ ಬಂತು. ಆ ವರ್ಷದ ಏಪ್ರಿಲ್ 1ರಿಂದ ಶುರುವಾಗುವ ಲೆಕ್ಕಕ್ಕೆ ಕಡ್ಡಾಯವೂ ಆಯಿತು. ಅನುಸರಿಸದಿದ್ದರೆ ಆಡಿಟರು ತಮ್ಮ ವರದಿಯಲ್ಲಿ ಷರಾ ಬರೆಯುತ್ತಾರೆ. ನಮ್ಮ ಮಾಲೀಕರು ಅಂಜಿದ್ದು ಮಾನದಂಡಕ್ಕಲ್ಲ, ಬ್ಯಾಂಕಿಗೆ. ಆಫ್ರಿಕಾದಿಂದ ಕಚ್ಚಾಬೀಜ ತರಿಸಲು ಪ್ರತಿ ವರ್ಷ ಸಾಲ ಬೇಕು. ಷರಾ ಬಿದ್ದ ಲೆಕ್ಕಪತ್ರ ಹಿಡಿದು ಬ್ಯಾಂಕಿಗೆ ಹೋಗುವುದು ಹೇಗೆ?

“ನಮ್ಮದು ಸೀಸನ್ ಕಾರ್ಖಾನೆಯಲ್ಲವೇ?” ಎಂದು ಅವರು ಆಡಿಟರನ್ನು ಕೇಳಿದ್ದು ನನಗೆ ನೆನಪಿದೆ. ಸೀಸನ್ ಕಾರ್ಖಾನೆಯಾದರೆ ಹದಿನೈದು ದಿನದ ಬದಲು ಏಳೇ ದಿನದ ಕೂಲಿ. ಆಡಿಟರು ಮಾತಾಡದೆ ಹಾಜರಿ ಪುಸ್ತಕ ತರಿಸಿ, ಜುಲೈ ತಿಂಗಳ ಹಾಳೆ ತೆರೆದು ಅವರ ಮುಂದಿಟ್ಟರು. ಹಡಗಿನಲ್ಲಿ ಬಂದ ಬೀಜವನ್ನು ಮಳೆಗಾಲದಲ್ಲೂ ಒಡೆಯುತ್ತಿದ್ದರಲ್ಲ, ಸಾಲು ಸಾಲು ಹಾಜರಿ. ಮಾಲೀಕರು ಮತ್ತೆ ಆ ಮಾತೆತ್ತಲಿಲ್ಲ.

ಲೆಕ್ಕ ಹಾಕುವವರು ಆಕ್ಚುಯರಿ. ಎಷ್ಟು ಜನ ನಿವೃತ್ತಿಯವರೆಗೆ ಉಳಿದಾರು, ಎಷ್ಟು ಜನ ನಡುವೆ ಬಿಟ್ಟಾರು, ಎಷ್ಟು ಜನ ತೀರಿಕೊಂಡಾರು ಎಂದು ಅಂದಾಜು ಮಾಡಿ ಇಂದಿನ ಬೆಲೆ ಕಟ್ಟುವ ಗಣಿತಜ್ಞರು. (ತೀರಿಕೊಳ್ಳುವವರ ಕೋಷ್ಟಕ ನೋಡಿ ಆ ರಾತ್ರಿ ನನಗೆ ಊಟ ಸೇರಲಿಲ್ಲ.) ಅವರು ಕೇಳಿದ್ದು ಮೂರೇ ಸಂಗತಿ: ಹುಟ್ಟಿದ ತಾರೀಕು, ಸೇರಿದ ತಾರೀಕು, ಈಗಿನ ಕೂಲಿ. ಆ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. 1996ರ ಮಾರ್ಚಿಯಲ್ಲಿ ಪುಸ್ತಕ ಹಿಡಿದು ಶೆಡ್ಡಿಗೆ ಹೋದೆ.

“ಎಂತ ಅಕ್ಕ, ನಮ್ಮನ್ನು ಬಿಡಿಸಲಿಕ್ಕೆ ಬರೆಯುವುದಾ?” ಎಂದು ಮೊದಲ ಸಾಲಿನ ಹೆಂಗಸು ಕೇಳಿದಳು. ಅಲ್ಲವೆಂದು ನಂಬಿಸಲು ಅರ್ಧ ದಿನ ಬೇಕಾಯಿತು. ಆಮೇಲೆ ತಾರೀಕುಗಳ ಪಾಡು. ಆಕೆ ಹುಟ್ಟಿದ್ದು ಗಾಂಧಿ ಸತ್ತ ವರ್ಷ. ಕೆಲಸಕ್ಕೆ ಸೇರಿದ್ದು ನೇತ್ರಾವತಿಯ ದೊಡ್ಡ ನೆರೆ ಇಳಿದ ಮೇಲೆ, ಚೌತಿಗೆ ಮೊದಲು. ಅಂದರೆ 1974. ಆದರೆ ನಮ್ಮ ರಿಜಿಸ್ಟರಿನಲ್ಲಿ ಆಕೆ ಸೇರಿದ್ದು 1981! ಆ ವರ್ಷ ಪಾಲುದಾರಿಕೆಯ ಅಂಗಡಿ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿತ್ತು. ಹೊಸ ಪುಸ್ತಕ ಇಟ್ಟು, ಎಲ್ಲರಿಗೂ ಒಂದೇ ತಾರೀಕು ಬರೆದಿದ್ದರು. ದಿನಗೂಲಿ ನಲವತ್ತು ರೂಪಾಯಿ. 1981ರಿಂದಾದರೆ ಹದಿನೈದು ವರ್ಷ, ಒಂಬತ್ತು ಸಾವಿರ. 1974ರಿಂದಾದರೆ ಇಪ್ಪತ್ತೊಂದು ವರ್ಷ ಏಳು ತಿಂಗಳು. ಆರು ತಿಂಗಳು ಮೀರಿದರೆ ಪೂರ್ತಿ ವರ್ಷವೆಂದೇ ಲೆಕ್ಕ, ಹದಿಮೂರು ಸಾವಿರದ ಇನ್ನೂರು. ನಾಲ್ಕು ಸಾವಿರದ ಇನ್ನೂರು ರೂಪಾಯಿಯ ವ್ಯತ್ಯಾಸವೆಂದರೆ ಆಕೆಗೆ ನೂರೈದು ದಿನದ ಬೂದಿ ಮತ್ತು ಉರಿ.

ಮೂರು ಶನಿವಾರ ಗೋದಾಮಿನಲ್ಲಿ ಹುಡುಕಿದೆ. ಗೋಣಿಚೀಲಗಳ ಹಿಂದೆ ಹಳೆಯ ಹಾಜರಿ ಪುಸ್ತಕಗಳು ಸಿಕ್ಕಿದವು, ಗೆದ್ದಲು ಮುಕ್ಕಾಲು ಭಾಗ ಮಿಗಿಸಿತ್ತು. ಆಕೆಯ ಹೆಸರು, ಎದುರಿಗೆ ಹೆಬ್ಬೆಟ್ಟು, ಇತ್ತು. ಹೆಚ್ಚಿನವರದು ಹಾಗೆ ದೊರೆಯಿತು. ಹನ್ನೊಂದು ಜನರದು ಸಿಗಲಿಲ್ಲ. ಮ್ಯಾನೇಜರರು, “ಕಾಗದ ಇಲ್ಲದ್ದನ್ನು ಬರೆಯಬೇಡಮ್ಮ” ಎಂದರು. ನಾನು 1981 ಎಂದು ಬರೆದೆ.

ಆ ವರ್ಷ ಕಂಪನಿಯ ಲಾಭ ಅರ್ಧಕ್ಕಿಂತ ಕೆಳಗಿಳಿಯಿತು. ಇಷ್ಟು ವರ್ಷದ ಬಾಕಿಯೆಲ್ಲ ಒಂದೇ ವರ್ಷದ ತಲೆಯ ಮೇಲೆ ಬಿದ್ದಿತ್ತು. ಸುದ್ದಿ ಶೆಡ್ಡಿಗೂ ಮುಟ್ಟಿ, ಗಾಂಧಿ ಸತ್ತ ವರ್ಷದವಳು ಬಂದು, “ಹಾಗಾದರೆ ನನ್ನ ದುಡ್ಡು ಈಗ ಪೆಟ್ಟಿಗೆಯಲ್ಲಿ ಉಂಟಾ ಅಕ್ಕ?” ಎಂದಳು. ಇಲ್ಲ, ಬರೆದಿದ್ದೇವೆ ಅಷ್ಟೇ ಎಂದೆ. ಆಕೆ ನಕ್ಕಳು. ಬರೆದದ್ದಕ್ಕೂ ಇಟ್ಟದ್ದಕ್ಕೂ ಇರುವ ದೂರ ಆಕೆಗೆ ಯಾವ ಮಾನದಂಡವೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಸಾಲ ಕಣ್ಣಿಗೆ ಬಿದ್ದ ಮೇಲೆ ಮಾಲೀಕರಿಗೆ ಸುಮ್ಮನಿರಲಾಗಲಿಲ್ಲ. ಎರಡು ವರ್ಷದ ತರುವಾಯ ಜೀವವಿಮಾ ನಿಗಮದ ಗುಂಪು ಗ್ರಾಚ್ಯುಟಿ ಯೋಜನೆಗೆ ಕಂತು ಕಟ್ಟತೊಡಗಿದರು. ಹಾಗೆ ಕಟ್ಟಿದ್ದಕ್ಕೆ ತೆರಿಗೆಯ ರಿಯಾಯಿತಿಯೂ ಇತ್ತೆನ್ನಿ.

2005ರಲ್ಲಿ ಆ ಮಾನದಂಡವನ್ನು ಪರಿಷ್ಕರಿಸಿ, ರಜೆಯ ಸಂಬಳವೇ ಮೊದಲಾದ ನೌಕರರ ಸೌಲಭ್ಯಗಳನ್ನೆಲ್ಲ ಅದರೊಳಗೆ ತಂದರು. 2006ರಲ್ಲಿ ಆಕೆ ಐವತ್ತೆಂಟು ತುಂಬಿ ನಿವೃತ್ತಳಾದಳು. ಮೂವತ್ತೆರಡು ವರ್ಷದ ಗ್ರಾಚ್ಯುಟಿ, ಒಂದು ಪೈಸೆ ಕಡಿಮೆಯಿಲ್ಲದೆ ಬಂತು. ಅದೇ ತಿಂಗಳು ಇನ್ನೊಬ್ಬಳೂ ನಿವೃತ್ತಳಾದಳು. ಅವಳೂ ನೆರೆಯ ವರ್ಷವೇ ಸೇರಿದವಳು. ಹನ್ನೊಂದು ಜನರಲ್ಲಿ ಒಬ್ಬಳು. ಇಪ್ಪತ್ತೈದು ವರ್ಷದ ಚೆಕ್ಕನ್ನು ತೆಗೆದುಕೊಂಡು, “ಇಬ್ಬರೂ ಒಟ್ಟಿಗೇ ಬಂದದ್ದಲ್ಲವಾ ಅಕ್ಕ, ಅವಳಿಗೆ ಹೇಗೆ ಜಾಸ್ತಿ?” ಎಂದು ಕೇಳಿದಳು. ಪುಸ್ತಕದಲ್ಲಿ ಹಾಗಿದೆ ಎಂದೆ. ಯಾರು ಬರೆದದ್ದು ಎಂದು ಅವಳು ಕೇಳಲಿಲ್ಲ.