ಗೇರುಹಣ್ಣಿನ ಭಟ್ಟಿ: ಗೋವೆಯ ಒಂದು ಕಿರು ಉದ್ಯಮದ ಇತಿಹಾಸ

ಪಶ್ಚಿಮ ಕರಾವಳಿಯ ಆರ್ಥಿಕ ಚರಿತ್ರೆಯನ್ನು ಬರೆದವರು ಮೆಣಸು, ಅಕ್ಕಿ, ಉಪ್ಪು, ಕುದುರೆಗಳ ವ್ಯಾಪಾರಕ್ಕೆ ಕೊಟ್ಟಷ್ಟು ಗಮನವನ್ನು ಅಲ್ಲಿಯ ಭಟ್ಟಿಗಳಿಗೆ ಕೊಟ್ಟಿಲ್ಲ. ವಿಷಯವು ಮದ್ಯಕ್ಕೆ ಸಂಬಂಧಿಸಿದುದಾದ್ದರಿಂದ ಸಂಕೋಚವೂ ಇದ್ದಿರಬಹುದು. ಆದರೆ ಊರಿನ ಹಣ್ಣು, ಊರಿನ ಮಡಕೆ, ಮನೆಮಂದಿಯ ದುಡಿಮೆ, ಇಷ್ಟನ್ನೇ ಬಂಡವಾಳವಾಗಿ ಉಳ್ಳ ಒಂದು ಕಸುಬು ಪ್ರಭುತ್ವಗಳು ಬದಲಾದರೂ ಹೇಗೆ ಉಳಿಯಿತು, ಅದೇ ಬೆಳೆಯುಳ್ಳ ನೆರೆಯ ನೆಲದಲ್ಲಿ ಏಕೆ ಬೇರೂರಲಿಲ್ಲ ಎಂಬುದು ಇತಿಹಾಸಕಾರನು ಕೇಳಬೇಕಾದ ಪ್ರಶ್ನೆಯೇ ಆಗಿದೆ. ಗೋವೆಯ ಫೆಣಿಯನ್ನು ಕುರಿತು ಈ ದೃಷ್ಟಿಯಿಂದ ಕೆಲವು ಮಾತುಗಳನ್ನು ಇಲ್ಲಿ ಹೇಳಲಾಗಿದೆ.

ಗೇರುಮರವು ಬ್ರೆಜಿಲ್ ದೇಶದ್ದು, ಪೋರ್ತುಗೀಜರು ತಂದದ್ದು. ಅದು ಬಂದ ಕಾಲವನ್ನು ಎರಡು ಗ್ರಂಥಗಳಿಂದ ಸುಮಾರಾಗಿ ಗೊತ್ತುಮಾಡುವುದು ವಾಡಿಕೆ. ಗಾರ್ಸಿಯಾ ದ ಓರ್ತನು 1563ರಲ್ಲಿ ಗೋವೆಯಲ್ಲಿಯೇ ಅಚ್ಚುಮಾಡಿಸಿದ ಔಷಧಸಸ್ಯಗಳ ಗ್ರಂಥದಲ್ಲಿ ಗೇರಿನ ಪ್ರಸ್ತಾಪವಿಲ್ಲ. 1578ರಲ್ಲಿ ಪ್ರಕಟವಾದ ಕ್ರಿಸ್ತೋವಾವ್ ದ ಕೋಸ್ತನ ಗ್ರಂಥದಲ್ಲಿ ಕೊಚ್ಚಿಯಲ್ಲಿ ಕಂಡ ಗೇರುಮರದ ವರ್ಣನೆಯಿದೆ. ಮೌನದಿಂದ ತೆಗೆಯುವ ಪ್ರಮಾಣ ದುರ್ಬಲವೆಂಬುದು ನಿಜ. ಆದರೂ ಓರ್ತನಂತಹ ಸೂಕ್ಷ್ಮದರ್ಶಿ ವೈದ್ಯನು ಕಣ್ಣೆದುರಿನ ಮರವನ್ನು ಬಿಟ್ಟಿರಲಾರನು.

ಓರ್ತನು ಗೇರನ್ನು ಹೇಳದಿದ್ದರೂ ಭಟ್ಟಿಯನ್ನು ಹೇಳಿದ್ದಾನೆ. ತೆಂಗಿನ ಮರದಿಂದ ಇಳಿಸಿದ 'ಸುರಾ'ವನ್ನು ಕಾಯಿಸಿ ಬಟ್ಟಿಯಿಳಿಸುತ್ತಿದ್ದರೆಂದೂ, ಅದರಲ್ಲಿ ಅದ್ದಿದ ಬಟ್ಟೆ ಹೊತ್ತಿ ಉರಿಯುತ್ತಿತ್ತೆಂದೂ, ಉತ್ತಮವಾದುದಕ್ಕೆ ಹೂವೆಂಬ ಅರ್ಥದ 'ಫೂಲ' ಎಂಬ ಹೆಸರೂ ಇನ್ನೊಂದು ಬಗೆಗೆ 'ಓರ್ರಾಕ' ಎಂಬ ಹೆಸರೂ ಇದ್ದುವೆಂದೂ ಅವನು ಬರೆಯುತ್ತಾನೆ. ಈ ಎರಡನೆಯ ಹೆಸರು ಗಮನಾರ್ಹವಾದುದು. ಇಂದು ಗೋವೆಯಲ್ಲಿ 'ಉರಾಕ್' ಎಂದರೆ ಗೇರುಹಣ್ಣಿನ ಮೊದಲ ಬಟ್ಟಿ. ಹಣ್ಣು ಹೊಸದು, ಹೆಸರು ಹಳೆಯದು. ತೆಂಗಿನ ಕಳ್ಳಿಗಾಗಿ ಹೂಡಿದ್ದ ಒಲೆಯ ಮೇಲೆಯೇ ವಿದೇಶದ ಹಣ್ಣಿನ ರಸವು ಏರಿತೆಂದು ಇದರಿಂದ ಊಹಿಸಬಹುದಾಗಿದೆ. ಮರ ಕಟ್ಟುವವನಿಗೆ ಅಲ್ಲಿ 'ರೆಂದೇರ್' ಎನ್ನುತ್ತಾರೆ. ಇದು ಗುತ್ತಿಗೆದಾರನೆಂಬ ಅರ್ಥದ ಪೋರ್ತುಗೀಜ್ ಶಬ್ದದ ತದ್ಭವ. ಕಸುಬಿನವನನ್ನು ಅವನ ಕೈಕೆಲಸದಿಂದಲ್ಲದೆ ಅವನು ತೆರುವ ಗೇಣಿಯಿಂದ ಗುರುತಿಸಿದ ಈ ಶಬ್ದವೇ ಒಂದು ಐತಿಹಾಸಿಕ ದಾಖಲೆ.

ಭಟ್ಟಿಯ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಯದೆ ಅದರ ಅರ್ಥವ್ಯವಸ್ಥೆ ತಿಳಿಯುವಂತಿಲ್ಲ. ಮಾರ್ಚಿಯಿಂದ ಮೇ ತಿಂಗಳವರೆಗೆ ಮಾತ್ರ ಇದರ ಕಾಲ. ಹಣ್ಣನ್ನು ಮರದಿಂದ ಕೀಳುವುದಿಲ್ಲ. ಮಾಗಿ ತಾನಾಗಿ ಉದುರಿದುದನ್ನೇ ಆಯುತ್ತಾರೆ. ಬೀಜವನ್ನು ಬೇರ್ಪಡಿಸಿ, ಹಣ್ಣನ್ನು ಬಂಡೆಯಲ್ಲಿ ಕೊರೆದ 'ಕೊಳಂಬಿ' ಎಂಬ ಬಾನಿಯಲ್ಲಿ ಕಾಲಿನಿಂದ ತುಳಿಯುತ್ತಾರೆ. ಉಳಿದ ಹಿಪ್ಪೆಯನ್ನು ಬಳ್ಳಿಯಿಂದ ಸುತ್ತಿ ಮೇಲೆ ಕಲ್ಲು ಹೇರಿದರೆ ತೊಟ್ಟಿಕ್ಕುವ ತಿಳಿರಸವೇ 'ನೀರೊ'. ಅದನ್ನು ಹುಳಿಯುವ ಮೊದಲೇ ಕುಡಿಯುತ್ತಾರೆ. ತುಳಿದ ರಸವು ಮಡಕೆಯಲ್ಲಿ ಸುಮಾರು 3 ದಿನ ತಾನಾಗಿಯೇ ಹುದುಗುತ್ತದೆ. ಹೊರಗಿನ ಹುದುಗನ್ನಾಗಲಿ ಸಕ್ಕರೆಯನ್ನಾಗಲಿ ಸೇರಿಸುವುದಿಲ್ಲ. ಅದನ್ನು 'ಭಾಣ'ದಲ್ಲಿ ಕಾಯಿಸಿ, ಹಬೆಯನ್ನು 'ಲಾವ್ಣಿ' ಎಂಬ ಮಡಕೆಯಲ್ಲಿ ತಣಿಸಿದರೆ ಉರಾಕ್ ದೊರೆಯುತ್ತದೆ. ಇದರಲ್ಲಿ ಮದ್ಯಸಾರ ನೂರಕ್ಕೆ ಸುಮಾರು 15. ಉರಾಕನ್ನು ಹುಳಿತ ರಸದೊಂದಿಗೆ ಬೆರೆಸಿ ಮತ್ತೊಮ್ಮೆ ಇಳಿಸಿದುದು ಫೆಣಿ; ಇದರಲ್ಲಿ ನೂರಕ್ಕೆ 42ಕ್ಕೂ ಮೇಲೆ. ನೊರೆಯೆಂಬ ಅರ್ಥದ 'ಫೇನ' ಶಬ್ದದಿಂದ ಈ ಹೆಸರು ಬಂದಿತೆಂದು ಹೇಳುವುದು ರೂಢಿ.

ಉದುರಿದ ಹಣ್ಣು ಒಂದೆರಡು ದಿನ ಕಳೆದರೆ ಕೆಡುತ್ತದೆ. ಆದುದರಿಂದ ಹಣ್ಣು ಭಟ್ಟಿಯತ್ತ ದೂರ ಸಾಗಲಾರದು. ಭಟ್ಟಿಯೇ ಗುಡ್ಡದ ಬಳಿಗೆ ಹೋಗಬೇಕು. ಉದ್ಯಮವು ಚಿಕ್ಕದಾಗಿ, ಚದುರಿ ಉಳಿಯಲು ಮುಖ್ಯ ಕಾರಣ ಇದೇ ಎಂದು ನಮಗೆ ತೋರುತ್ತದೆ. ಚದುರಿದ ಒಲೆಗಳನ್ನು ಕಂದಾಯದ ಅಧಿಕಾರಿಗಳು ಎಂದೂ ಮೆಚ್ಚಿದವರಲ್ಲ.

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಯ 1878ರ ಅಬಕಾರಿ ಕಾಯಿದೆಯು ಕಳ್ಳಿಳಿಸುವ ಮರಗಳಿಗೆ ತೆರಿಗೆಯನ್ನು ವಿಧಿಸಿತು. ಹಳ್ಳಿಯ ಒಲೆಗಳನ್ನು ನಿಲ್ಲಿಸಿ, ಕಾವಲಿಗೆ ಒಳಪಟ್ಟ ದೊಡ್ಡ ಭಟ್ಟಿಮನೆಗಳಲ್ಲಿ ಉತ್ಪಾದನೆಯನ್ನು ಕೂಡಿಹಾಕುವುದು ಆ ಆಡಳಿತದ ಒಲವಾಗಿತ್ತು. ಅದೇ ವರ್ಷ ಆಂಗ್ಲ-ಪೋರ್ತುಗೀಜ್ ಒಪ್ಪಂದಕ್ಕೂ ಸಹಿ ಬಿದ್ದಿತು. ಮಾರ್ಮಗೋವಾ ಬಂದರಿನ ರೈಲುಮಾರ್ಗದ ಆಸೆಗೆ ಗೋವೆಯು ಉಪ್ಪಿನ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು, ಬ್ರಿಟಿಷ್ ಮಾದರಿಯ ಅಬಕಾರಿಯನ್ನೂ ಒಪ್ಪಿಕೊಂಡಿತು. 1880ರಿಂದ 1892ರವರೆಗೆ, ಹನ್ನೆರಡು ವರ್ಷ, ಗಡಿಯ ಎರಡು ಕಡೆಯ ಮೂರ್ತೆಯವರಿಗೂ ಹೆಚ್ಚುಕಡಿಮೆ ಒಂದೇ ಭಾರ. ಒಪ್ಪಂದವು ನವೀಕರಣಗೊಳ್ಳಲಿಲ್ಲ. ಗೋವೆ ಪಾರಾಯಿತು, ಕಾರವಾರ ಉಳಿಯಿತು. ಮುಂದೆ ಮುಂಬಯಿ ರಾಜ್ಯದ 1949ರ ಪಾನನಿರೋಧ ಶಾಸನವು ಈ ಅಂತರವನ್ನು ಕಂದಕವಾಗಿಸಿತು. ಪೋರ್ತುಗೀಜರ ಕೈಯಲ್ಲಿದ್ದ ಗೋವೆಯಲ್ಲಿ ಒಲೆ ಉರಿಯುತ್ತಲೇ ಇತ್ತು.

1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಗೊಂಡಿತು. 1964ರ ಅಬಕಾರಿ ಕಾಯಿದೆಯ ಅಡಿಯಲ್ಲಿ ಗೇರಿನ ಗುಡ್ಡಗಳನ್ನು ವಲಯಗಳನ್ನಾಗಿ ವಿಂಗಡಿಸಿ ಹರಾಜು ಹಾಕುವ ಪದ್ಧತಿ ನಡೆದುಬಂದಿತು. ತೆಂಗಿನ ಮರವನ್ನು ಎಣಿಸಬಹುದು, ಉದುರುವ ಹಣ್ಣನ್ನು ಎಣಿಸಲಾಗದು. ಆದುದರಿಂದ ಸರಕಿನ ಬದಲು ಸ್ಥಳಕ್ಕೆ ಬೆಲೆ ಕಟ್ಟಿದರು. ಹರಾಜಿನಲ್ಲಿ ಹಣವುಳ್ಳವರ ಕೈ ಮೇಲಾಗುವುದೇನೋ ಸಹಜ. ಆದರೂ ಒಲೆ ಗುಡ್ಡದಲ್ಲಿಯೇ ಉಳಿಯಲು ಈ ವ್ಯವಸ್ಥೆ ಎಡೆಗೊಟ್ಟಿತೆಂಬುದನ್ನು ಒಪ್ಪಬೇಕು. 2009ರಲ್ಲಿ ಗೋವೆಯ ಗೇರು ಫೆಣಿಗೆ ಭೌಗೋಳಿಕ ಸೂಚಕ ದೊರೆಯಿತು. 2016ರಲ್ಲಿ ಕಾಯಿದೆಯನ್ನು ತಿದ್ದಿ ಅದನ್ನು ಪರಂಪರೆಯ ಪೇಯವೆಂದು ಮನ್ನಿಸಲಾಯಿತು. ವಯಸ್ಸಿನಲ್ಲಿ ಹಿರಿಯದಾದ ತೆಂಗಿನ ಫೆಣಿಯು 2009ರ ಮನ್ನಣೆಯಿಂದ ಹೊರಗೆ ಉಳಿದುದು ವಿಚಿತ್ರವೇ ಸರಿ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ನಿಷೇಧಕ್ಕೊಳಗಾದ ಸಾರಾಯಿಯನ್ನು ಇದರೊಡನೆ ಹೋಲಿಸುವುದು ತಪ್ಪಾಗುತ್ತದೆ. ಅದು ಕಬ್ಬಿನ ಕಾಕಂಬಿಯಿಂದ ದೊಡ್ಡ ಕಾರ್ಖಾನೆಗಳಲ್ಲಿ ತೆಗೆದ ಮದ್ಯಸಾರಕ್ಕೆ ನೀರು ಬೆರೆಸಿದುದು. ಊರಿನ ಮರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಕರಾವಳಿಯ ಗೇರಾದರೋ ನಮ್ಮಲ್ಲಿ ಬೀಜದ ಬೆಳೆಯಾಗಿಯೇ ನಿಂತಿತು. ಪುತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಗೇರು ಸಂಶೋಧನ ಕೇಂದ್ರವು ಹಣ್ಣಿನ ಉಪಯೋಗಗಳ ಮೇಲೂ ಕೆಲಸ ಮಾಡಿದೆ. ಆದರೆ ತೋಟಗಳಲ್ಲಿ ಇಂದಿಗೂ ಬೀಜವನ್ನು ತಿರುಚಿ ತೆಗೆದುಕೊಂಡ ಮೇಲೆ ಹಣ್ಣಿನ ಬಹುಭಾಗವನ್ನು ಮರದ ಬುಡದಲ್ಲಿಯೇ ಬಿಟ್ಟುಬರುತ್ತಾರೆ.